ಚಿಕ್ಕ ಕಂಪ್ರೆಸರಿಗೆ ಹೊಂದುವ ಸ್ಪ್ರೇ ಗನ್: ಆಯ್ಕೆ ಮಾಡುವುದು, ಹದಕ್ಕೆ ತರುವುದು

ಅಂಗಡಿಯಲ್ಲಿ ಕಂಪ್ರೆಸರನ್ನು ಎಚ್‌ಪಿ ಮತ್ತು ಟ್ಯಾಂಕಿನ ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಸ್ಪ್ರೇ ಗನ್ನನ್ನು ನಾಜಲ್ ಅಳತೆ ಮತ್ತು ಕಪ್ಪಿನ ಗಾತ್ರ ಹೇಳಿ ಮಾರುತ್ತಾರೆ. ಇವೆರಡನ್ನೂ ಒಂದಕ್ಕೊಂದು ಜೋಡಿಸುವ ಅಂಕಿ, ಅಂದರೆ ನಿಮಿಷಕ್ಕೆ ಕಂಪ್ರೆಸರ್ ಕೊಡುವ ಗಾಳಿ ಎಷ್ಟು ಮತ್ತು ಗನ್ ಬೇಡುವ ಗಾಳಿ ಎಷ್ಟು ಎಂಬುದು, ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಮನೆಯ ಗೇಟು, ಕಿಟಕಿಯ ಗ್ರಿಲ್ಲು, ಮಂಚ, ಸ್ಕೂಟರಿನ ಪ್ಯಾನೆಲ್ಲು ಮುಂತಾದ ಕೆಲಸಗಳಿಗೆಂದು 1 ಅಥವಾ 2 ಎಚ್‌ಪಿ ಕಂಪ್ರೆಸರ್ ಕೊಂಡವರು ಬಣ್ಣ ಒರಟಾಗಿ ಕೂತಾಗ ಪೇಂಟನ್ನೋ ಥಿನ್ನರನ್ನೋ ದೂರುವುದು ವಾಡಿಕೆ. ಬಹಳಷ್ಟು ಸಲ ಅಲ್ಲಿ ಆಗಿರುವುದು ಇಷ್ಟೇ: ಗನ್ನಿಗೆ ಗಾಳಿ ಸಾಲದೆ ಹೋಗಿರುತ್ತದೆ. ಹಾಗಾಗಿ ಗನ್ ಕೊಳ್ಳಲು ಹೊರಡುವ ಮೊದಲು ಮನೆಯಲ್ಲಿರುವ ಕಂಪ್ರೆಸರಿನ ಲೆಕ್ಕ ತೆಗೆಯಬೇಕು.

ಕಂಪ್ರೆಸರ್ ನಿಜವಾಗಿ ಕೊಡುವ ಗಾಳಿ

ಗಾಳಿಯ ಪ್ರಮಾಣವನ್ನು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಅಳೆಯುತ್ತಾರೆ. 1 ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಕಂಪ್ರೆಸರಿನ ಫಲಕದ ಮೇಲೆ ಬರೆದಿರುವ ಸಿಎಫ್‌ಎಂ ಸಾಮಾನ್ಯವಾಗಿ ಪಿಸ್ಟನ್ ಸಿಲಿಂಡರಿನಲ್ಲಿ ಓಡಾಡುವ ಜಾಗದ ಲೆಕ್ಕವೇ ಹೊರತು ಹೋಸಿನ ತುದಿಯಲ್ಲಿ ಸಿಗುವ ಗಾಳಿಯ ಲೆಕ್ಕವಲ್ಲ. ವಾಲ್ವಿನ ಸೋರಿಕೆ, ಬಿಸಿ, ಪಿಸ್ಟನ್ ತುದಿಯಲ್ಲಿ ಉಳಿಯುವ ಗಾಳಿ ಎಲ್ಲ ಕಳೆದರೆ ಚಿಕ್ಕ ಯಂತ್ರಗಳಲ್ಲಿ ಮೂರರಲ್ಲಿ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಖೋತಾ ಆಗುತ್ತದೆ. ಫಲಕದ ಮೇಲೆ 7 ಎಂದಿದ್ದರೆ ಕೈಗೆ ಸಿಗುವುದು ನಾಲ್ಕೂವರೆಯ ಆಸುಪಾಸು.

ಇದನ್ನು ಊಹಿಸುವ ಅಗತ್ಯವಿಲ್ಲ, ಗಡಿಯಾರವೊಂದಿದ್ದರೆ ಮನೆಯಲ್ಲೇ ಅಳೆಯಬಹುದು. ಟ್ಯಾಂಕಿನಿಂದ ಗಾಳಿ ಹೊರಹೋಗುವ ವಾಲ್ವನ್ನು ಪೂರ್ತಿ ಮುಚ್ಚಿ ಮೋಟಾರನ್ನು ಓಡಿಸಿ, ಟ್ಯಾಂಕಿನ ಗೇಜಿನ ಮುಳ್ಳು 4 ಬಾರ್‌ನಿಂದ 6 ಬಾರ್‌ಗೆ ಏರಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಬೇಕು. ಬಾರ್ ಎಂಬುದು ಒತ್ತಡದ ಅಳತೆ, 1 ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ಗೇಜಿನಲ್ಲಿ ಪೌಂಡ್ ಲೆಕ್ಕವಿದ್ದರೆ (ಪಿಎಸ್‌ಐ, ಅಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) 60ರಿಂದ 90ರವರೆಗೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. 50 ಲೀಟರ್ ಟ್ಯಾಂಕಿನಲ್ಲಿ ಒತ್ತಡ 2 ಬಾರ್ ಏರಿತೆಂದರೆ 100 ಲೀಟರ್ ಹೊರಗಿನ ಗಾಳಿ ಒಳಗೆ ಸೇರಿತು ಎಂದರ್ಥ. ಅದಕ್ಕೆ 45 ಸೆಕೆಂಡು ಹಿಡಿದಿದ್ದರೆ ನಿಮಿಷಕ್ಕೆ 133 ಲೀಟರ್, ಅಂದರೆ 4.7 ಸಿಎಫ್‌ಎಂ. ಈ ಅಂಕಿಯನ್ನು ಮಾರ್ಕರಿನಲ್ಲಿ ಟ್ಯಾಂಕಿನ ಮೇಲೆಯೇ ಬರೆದಿಡುವುದು ಒಳ್ಳೆಯದು. ಎರಡು ವರ್ಷ ಕಳೆದು ಮತ್ತೆ ಅಳೆದಾಗ ಅಂಕಿ ಇಳಿದಿದ್ದರೆ ರಿಂಗ್ ಅಥವಾ ವಾಲ್ವ್ ಪ್ಲೇಟ್ ಸವೆದಿದೆಯೆಂದೂ ಗೊತ್ತಾಗುತ್ತದೆ.

ಟ್ಯಾಂಕು ದೊಡ್ಡದಿದ್ದರೆ ಗಾಳಿ ಹೆಚ್ಚು ಬರುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಟ್ಯಾಂಕು ಗಾಳಿಯನ್ನು ತಯಾರಿಸುವುದಿಲ್ಲ, ಕೂಡಿಟ್ಟದ್ದನ್ನು ಕೊಡುತ್ತದೆ. 50 ಲೀಟರ್ ಟ್ಯಾಂಕು 8 ಬಾರ್‌ನಿಂದ 3 ಬಾರ್‌ಗೆ ಇಳಿಯುವಷ್ಟರಲ್ಲಿ 250 ಲೀಟರ್ ಗಾಳಿ ಕೊಡುತ್ತದೆ. ಗನ್ 8 ಸಿಎಫ್‌ಎಂ ಬೇಡುವಂಥದ್ದು, ಅಂದರೆ ನಿಮಿಷಕ್ಕೆ ಸುಮಾರು 225 ಲೀಟರ್ ಎಂದಿಟ್ಟುಕೊಳ್ಳಿ, ಮೇಲಿನ ಕಂಪ್ರೆಸರ್ 133 ಕೊಡುತ್ತಿದೆ, ಕೊರತೆ 92. ಎರಡೂವರೆ ನಿಮಿಷ ಟ್ರಿಗರ್ ಬಿಡದೆ ಹೊಡೆಯಬಹುದು, ಆಮೇಲೆ ನಿಲ್ಲಬೇಕು. ಅದೇ ಗನ್ನನ್ನು 25 ಲೀಟರ್ ಟ್ಯಾಂಕಿನ, 2.5 ಸಿಎಫ್‌ಎಂ ಕೊಡುವ 1 ಎಚ್‌ಪಿ ಯಂತ್ರಕ್ಕೆ ಸಿಕ್ಕಿಸಿದರೆ ಒಂದು ನಿಮಿಷವೂ ದಕ್ಕುವುದಿಲ್ಲ. ಗ್ರಿಲ್ಲಿನ ಸರಳುಗಳಂತೆ ಬಿಟ್ಟು ಬಿಟ್ಟು ಹೊಡೆಯುವ ಕೆಲಸಕ್ಕೆ, ಅಳೆದು ಪಡೆದ ಅಂಕಿಗಿಂತ ಒಂದೂವರೆ ಪಟ್ಟು ಬೇಡುವ ಗನ್ ಆದರೂ ನಡೆದೀತು. ಬಾಗಿಲು, ಬೀರು, ಕಾರಿನ ಬಾನೆಟ್ ಹೀಗೆ ಒಂದೇ ಉಸಿರಿನಲ್ಲಿ ಮುಗಿಯಬೇಕಾದ ಅಗಲ ಮೈಗೆ ಗನ್ನಿನ ಬೇಡಿಕೆ ಆ ಅಂಕಿಯ ಒಳಗೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಯಾವ ಗನ್

ಕಪ್ಪು ಕೆಳಗೆ ತೂಗುವ ಸಕ್ಷನ್ ಗನ್ ನಮ್ಮ ಗ್ರಿಲ್ ವರ್ಕ್‌ಶಾಪುಗಳಲ್ಲಿ ಹಿಂದಿನಿಂದಲೂ ಕಾಣುವಂಥದ್ದು. ಅದರ ಕಪ್ಪಿನಲ್ಲಿ ಮುಕ್ಕಾಲು ಲೀಟರ್‌ನಿಂದ ಒಂದು ಲೀಟರ್ ಪೇಂಟು ಹಿಡಿಯುತ್ತದೆ, ಕೆಳಗಿಟ್ಟರೆ ಬೀಳದೆ ನಿಲ್ಲುತ್ತದೆ. ಆದರೆ ಪೇಂಟನ್ನು ಮೇಲೆಳೆಯುವ ಕೆಲಸವನ್ನೂ ಗಾಳಿಯೇ ಮಾಡಬೇಕಾದ್ದರಿಂದ ಒತ್ತಡ 40-50 ಪೌಂಡ್ ಬೇಕಾಗುತ್ತದೆ, ಮಂಜಿನಂತೆ ಹಾರಿ ವ್ಯರ್ಥವಾಗುವ ಪೇಂಟೂ ಹೆಚ್ಚು. ಕಪ್ಪು ಮೇಲಿರುವ ಗ್ರಾವಿಟಿ ಗನ್ನಿನಲ್ಲಿ ಪೇಂಟು ತಾನಾಗಿ ಇಳಿದು ಬರುವುದರಿಂದ ಕಡಿಮೆ ಒತ್ತಡ ಸಾಕು, ಕೊನೆಯ ಹನಿಯವರೆಗೂ ಬಳಕೆಯಾಗುತ್ತದೆ. ಚಿಕ್ಕ ಕಂಪ್ರೆಸರಿಗೆ ಕಣ್ಣು ಮುಚ್ಚಿ ಗ್ರಾವಿಟಿ ಗನ್ನನ್ನೇ ಆರಿಸಬಹುದು.

ಎಚ್‌ವಿಎಲ್‌ಪಿ (ಹೈ ವಾಲ್ಯೂಮ್ ಲೋ ಪ್ರೆಶರ್, ಅಂದರೆ ಹೆಚ್ಚು ಗಾಳಿ, ಕಡಿಮೆ ಒತ್ತಡ) ಎಂಬ ಅಕ್ಷರಗಳು ಜನರನ್ನು ಹೆಚ್ಚು ದಾರಿ ತಪ್ಪಿಸುತ್ತವೆ. ಅದರಲ್ಲಿ ‘ಕಡಿಮೆ ಒತ್ತಡ’ ಎಂದಿರುವುದನ್ನು ಓದಿ ಚಿಕ್ಕ ಯಂತ್ರಕ್ಕೆ ಇದೇ ಸರಿ ಎಂದುಕೊಳ್ಳುತ್ತಾರೆ. ಗಾಳಿಯು ಗನ್ನಿನ ಮುಂತುದಿಯ ಏರ್ ಕ್ಯಾಪಿನಿಂದ ಹೊರಬರುವಾಗ ಅದರ ಒತ್ತಡ 10 ಪೌಂಡಿನ ಒಳಗಿರುತ್ತದೆ ಎಂಬುದು ನಿಜವೇ. ಆದರೆ ಆ ಕಡಿಮೆ ಒತ್ತಡದಲ್ಲಿ ಪೇಂಟನ್ನು ಸಣ್ಣ ಹನಿಗಳಾಗಿ ಒಡೆಯಲು ಗಾಳಿಯ ಪ್ರಮಾಣ ಅಪಾರವಾಗಿ ಬೇಕು. ಪೂರ್ಣ ಗಾತ್ರದ ಎಚ್‌ವಿಎಲ್‌ಪಿ ಗನ್ 9ರಿಂದ 14 ಸಿಎಫ್‌ಎಂ ಕೇಳುತ್ತದೆ. ಪೇಂಟು ಉಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲದಿದ್ದರೂ 2 ಎಚ್‌ಪಿ ಯಂತ್ರ ಅದನ್ನು ಸಾಕಲಾರದು. ಗಾಳಿಯನ್ನೂ ಒತ್ತಡವನ್ನೂ ಎರಡನ್ನೂ ಹಿಡಿತದಲ್ಲಿಡುವ ಎಲ್‌ವಿಎಲ್‌ಪಿ (ಲೋ ವಾಲ್ಯೂಮ್ ಲೋ ಪ್ರೆಶರ್) ಗನ್‌ಗಳು ಸುಮಾರು 4ರಿಂದ 6 ಸಿಎಫ್‌ಎಂನಲ್ಲಿ ಕೆಲಸ ಮಾಡುತ್ತವೆ. 2 ಎಚ್‌ಪಿಗೆ ಇವೇ ಯೋಗ್ಯ. 1 ಎಚ್‌ಪಿ ಇರುವವರು 0.8 ಅಥವಾ 1.0 ಮಿ.ಮೀ. ನಾಜಲಿನ, 100-250 ಮಿ.ಲೀ. ಕಪ್ಪಿನ ಮಿನಿ ಗನ್ ಕೊಂಡರೆ ಕೆಲಸ ನಿಧಾನವಾದರೂ ಫಿನಿಶಿಂಗ್ ಚೆನ್ನಾಗಿ ಬರುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಗನ್‌ಗಳಲ್ಲಿ ಡಬ್ಲ್ಯು-71 ಎಂಬ ಮಾದರಿ ಚಿಕ್ಕ ದೇಹದ್ದು, ಡಬ್ಲ್ಯು-77 ದೊಡ್ಡದು. ಬೆಲೆಯ ಸಣ್ಣ ವ್ಯತ್ಯಾಸಕ್ಕೆ ಮನಸೋತು ದೊಡ್ಡದನ್ನು ತಂದರೆ ಗಾಳಿಗೆ ಪರದಾಡಬೇಕಾಗುತ್ತದೆ.

ಟ್ಯಾಂಕೇ ಇಲ್ಲದ ಪುಟ್ಟ ಕಂಪ್ರೆಸರುಗಳಿಗೆ ಮಾತ್ರ ಬ್ಲೀಡರ್ ಗನ್ ಬೇಕು. ಅದರಲ್ಲಿ ಟ್ರಿಗರ್ ಬಿಟ್ಟರೂ ಗಾಳಿ ಸದಾ ಹರಿಯುತ್ತಿರುತ್ತದೆ, ಟ್ರಿಗರ್ ನಿಯಂತ್ರಿಸುವುದು ಪೇಂಟನ್ನಷ್ಟೇ. ಟ್ಯಾಂಕ್ ಇರುವ ಯಂತ್ರಕ್ಕೆ ಅದನ್ನು ಹಾಕಿದರೆ ಕೂಡಿಟ್ಟ ಗಾಳಿಯೆಲ್ಲ ಸುಮ್ಮನೆ ಸೋರಿಹೋಗುತ್ತದೆ.

ನಾಜಲಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಕಾರಿನ ಬೇಸ್ ಕೋಟ್ (ಬಣ್ಣದ ಪದರ) ಮತ್ತು ಅದರ ಮೇಲಿನ ಹೊಳಪಿನ ಕ್ಲಿಯರಿಗೆ 1.2ರಿಂದ 1.4, ಸಿಂಥೆಟಿಕ್ ಎನಾಮಲ್ಲಿಗೆ 1.4ರಿಂದ 1.5, ಪ್ರೈಮರಿಗೆ 1.6ರಿಂದ 1.8 ಮಿ.ಮೀ. ಸಾಕು. ನಾಜಲ್ ದೊಡ್ಡದಾದಷ್ಟೂ ಹೊರಬರುವ ಪೇಂಟು ಹೆಚ್ಚು, ಅದನ್ನು ಒಡೆಯಲು ಬೇಕಾಗುವ ಗಾಳಿಯೂ ಹೆಚ್ಚು. ಒಂದೇ ಗನ್ ಕೊಳ್ಳುವುದಾದರೆ 1.4 ಕೊಂಡು, ಪ್ರೈಮರನ್ನು ಸ್ವಲ್ಪ ತೆಳು ಮಾಡಿ ಒಂದು ಕೋಟ್ ಹೆಚ್ಚು ಕೊಡುವುದು ಮೇಲು. ಕೊಳ್ಳುವಾಗ ಏರ್ ಕ್ಯಾಪ್ ಬಿಚ್ಚಿ, ನಾಜಲಿನ ತುದಿ ಕ್ಯಾಪಿನ ತೂತಿನ ಸರಿ ನಡುವೆ ಕೂರುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಸಮನಾದ ಉಂಗುರದಂತೆ ಸಂದು ಕಾಣಬೇಕು. ಒಂದು ಕಡೆ ಒತ್ತಿಕೊಂಡಿದ್ದರೆ ಆ ಗನ್ನನ್ನು ಯಾವ ಹೊಂದಾಣಿಕೆಯೂ ಸರಿಪಡಿಸದು.

ಟ್ಯಾಂಕಿನಿಂದ ಗನ್ನಿನವರೆಗೆ

ಗನ್ ಸರಿಯಿದ್ದೂ ಹೋಸಿನಲ್ಲಿ ಗಾಳಿ ಕಳೆದುಕೊಳ್ಳುವವರು ಬಹಳ ಮಂದಿ. ಕಂಪ್ರೆಸರಿನ ಜೊತೆ ಉಚಿತವಾಗಿ ಬರುವ ತೆಳು ಸುರುಳಿ ಹೋಸು ಟಯರಿಗೆ ಗಾಳಿ ಹಿಡಿಯಲು ಸರಿ, ಸ್ಪ್ರೇಗೆ ಅಲ್ಲ. ಒಳಗಿನ ಅಳತೆ 8 ಮಿ.ಮೀ. ಇರುವ ಹೋಸು ತಂದುಕೊಳ್ಳಬೇಕು, ನಡುವೆ ಕಪ್ಲಿಂಗ್‌ಗಳನ್ನು ಆದಷ್ಟು ಕಡಿಮೆ ಮಾಡಬೇಕು. ದೂರ ಹೋಗಬೇಕಾದಲ್ಲಿ ಗಾಳಿಯ ಹೋಸನ್ನು ಉದ್ದ ಮಾಡಿಕೊಳ್ಳಿ; ಸಣ್ಣ ಎಕ್ಸ್‌ಟೆನ್ಶನ್ ವಯರಿನಲ್ಲಿ ಕಂಪ್ರೆಸರನ್ನು ದೂರಕ್ಕೆ ಒಯ್ಯಬೇಡಿ. ಸಂಜೆ ಹೊತ್ತು ವೋಲ್ಟೇಜ್ ಮೊದಲೇ ಇಳಿದಿರುವ ಊರುಗಳಲ್ಲಿ ತೆಳು ವಯರು ಸೇರಿದರೆ ಮೋಟಾರು ಗುಂಯ್‌ಗುಟ್ಟಿ ನಿಲ್ಲುತ್ತದೆ, ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ.

ಗನ್ನಿನ ಹಿಡಿಯ ಬುಡದಲ್ಲಿ ಚಿಕ್ಕ ಗೇಜ್ ಸಹಿತವಾದ ರೆಗ್ಯುಲೇಟರ್ ಕೂರಿಸುವುದು ಐಷಾರಾಮವಲ್ಲ. ಟ್ಯಾಂಕಿನ ಬಳಿ 40 ಪೌಂಡ್ ತೋರಿಸುವಾಗ ಗನ್ನಿನ ಬಳಿ ಟ್ರಿಗರ್ ಒತ್ತಿದರೆ 28 ಇರಬಹುದು. ನಮಗೆ ಬೇಕಾದ ಅಂಕಿ ಟ್ರಿಗರ್ ಒತ್ತಿ ಗಾಳಿ ಹರಿಯುತ್ತಿರುವಾಗ ಕಾಣುವ ಅಂಕಿ. ಟ್ರಿಗರ್ ಬಿಟ್ಟಾಗ ಮುಳ್ಳು ಮೇಲಕ್ಕೆ ಹಾರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಇನ್ನು ನೀರು. ಗಾಳಿಯನ್ನು 8 ಬಾರ್‌ಗೆ ಅದುಮಿದಾಗ ಅದರ ಗಾತ್ರ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರಲ್ಲಿದ್ದ ತೇವಕ್ಕೆ ಅಷ್ಟು ಚಿಕ್ಕ ಜಾಗದಲ್ಲಿ ಆವಿಯಾಗಿ ಉಳಿಯಲು ಸಾಧ್ಯವಿಲ್ಲದೆ, ಗಾಳಿ ತಣಿದ ಕೂಡಲೇ ನೀರಾಗಿ ಬೀಳುತ್ತದೆ. ವಾಟರ್ ಸೆಪರೇಟರನ್ನು ಕಂಪ್ರೆಸರಿಗೇ ಅಂಟಿಸಿದರೆ ಬಿಸಿ ಗಾಳಿ ಆವಿಯನ್ನು ಹೊತ್ತುಕೊಂಡೇ ಅದನ್ನು ದಾಟಿ ಹೋಗುತ್ತದೆ. ನಾಲ್ಕೈದು ಮೀಟರ್ ಹೋಸು ದಾಟಿ ಗಾಳಿ ತಣಿದ ಮೇಲೆ ಅದನ್ನು ಗೋಡೆಗೆ ಕೂರಿಸಿ, ಅಲ್ಲಿಂದ ಗನ್ನಿಗೆ ಇನ್ನೊಂದು ಹೋಸು ಎಳೆಯಬೇಕು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಇಷ್ಟು ಮಾಡಿದರೂ ಟ್ಯಾಂಕಿನ ತಳದ ವಾಲ್ವನ್ನು ದಿನದಲ್ಲಿ ಎರಡು ಮೂರು ಸಲ ತೆರೆಯಬೇಕಾಗುತ್ತದೆ.

ಪೇಂಟಿನ ಹದ

ಗನ್ನಿನ ಯಾವ ತಿರುಪೂ ಗಟ್ಟಿ ಪೇಂಟನ್ನು ಸರಿಪಡಿಸುವುದಿಲ್ಲ. ತಳದಲ್ಲಿ ತೂತಿರುವ ಬಿ-4 ಫೋರ್ಡ್ ಕಪ್ಪನ್ನು ತುಂಬಿಸಿ, ಪೇಂಟಿನ ಧಾರೆ ತುಂಡಾಗುವವರೆಗೆ ಸೆಕೆಂಡು ಎಣಿಸಿದರೆ ಹದ ತಿಳಿಯುತ್ತದೆ. ಚಿಕ್ಕ ಗನ್ನಿಗೆ 18ರಿಂದ 22 ಸೆಕೆಂಡಿನ ಹದ ಒಪ್ಪುತ್ತದೆ. ಪೇಂಟನ್ನು ಕೋಲಿನಿಂದ ಎತ್ತಿ ಅಂದಾಜು ಮಾಡುವ ಪದ್ಧತಿ ಕೈ ಪಳಗಿದವರಿಗೆ ಸರಿ, ಹೊಸಬರಿಗೆ ಕಪ್ಪೇ ಲೇಸು. ಎನಾಮಲ್ಲಿಗೆ ಟರ್ಪೆಂಟೈನ್, ಎನ್‌ಸಿಗೆ ಎನ್‌ಸಿ ಥಿನ್ನರ್, ಪಿಯುಗೆ (ಪಾಲಿಯುರೆಥೇನ್ ಪೇಂಟಿಗೆ) ಪಿಯು ಥಿನ್ನರ್ ಎಂಬ ನಿಯಮವನ್ನು ಮೀರಬಾರದು. ಪಿಯುಗೆ ಅಗ್ಗದ ಎನ್‌ಸಿ ಥಿನ್ನರ್ ಬೆರೆಸಿದರೆ ಪೇಂಟನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡನರ್ ಸರಿಯಾಗಿ ಕೆಲಸ ಮಾಡದೆ ಮೈ ಮೆತ್ತಗೇ ಉಳಿಯಬಹುದು. ಡಬ್ಬ ಹೊಸದಾದರೂ ಪೇಂಟನ್ನು ಸೋಸದೆ ಕಪ್ಪಿಗೆ ಹಾಕಬೇಡಿ.

ಗನ್ನನ್ನು ಹೊಂದಿಸುವುದು

ಗನ್ನಿನಲ್ಲಿ ಮೂರು ತಿರುಪುಗಳಿರುತ್ತವೆ: ಹಿಂಭಾಗದಲ್ಲಿ, ನಾಜಲನ್ನು ಮುಚ್ಚಿ ತೆರೆಯುವ ಸೂಜಿಯ ಹಿಂದೆ ಇರುವುದು ಪೇಂಟಿನದು, ಅದರ ಮೇಲೆ ಅಥವಾ ಪಕ್ಕದಲ್ಲಿರುವುದು ಫ್ಯಾನಿನದು (ಬೀಸಣಿಗೆಯಂತೆ ಹರಡುವ ಸ್ಪ್ರೇಯ ಅಗಲವನ್ನು ಹೊಂದಿಸುವಂಥದ್ದು), ಹಿಡಿಯ ಕೆಳಗಿರುವುದು ಗಾಳಿಯದು. ಮೂರನ್ನೂ ಒಟ್ಟಿಗೆ ತಿರುಗಿಸುತ್ತ ಹೋದವರಿಗೆ ಯಾವುದರಿಂದ ಏನಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಮೊದಲು ಗಾಳಿ, ಆಮೇಲೆ ಫ್ಯಾನ್, ಕೊನೆಗೆ ಪೇಂಟು ಎಂಬ ಕ್ರಮ ಹಿಡಿಯಿರಿ.

ಹಿಡಿಯ ಕೆಳಗಿನ ತಿರುಪನ್ನು ಪೂರ್ತಿ ತೆರೆದಿಡಿ, ಒತ್ತಡವನ್ನು ರೆಗ್ಯುಲೇಟರಿನಲ್ಲೇ ನಿಯಂತ್ರಿಸಿ. ಫ್ಯಾನನ್ನು ಪೂರ್ತಿ ತೆರೆಯಿರಿ, ಪೇಂಟಿನ ತಿರುಪನ್ನು ಪೂರ್ತಿ ಮುಚ್ಚಿ. ಟ್ರಿಗರನ್ನು ಒತ್ತಿ ಹಿಡಿದು ಗನ್ನಿನ ಗೇಜು 25 ಪೌಂಡ್ ತೋರಿಸುವಂತೆ ಮಾಡಿ. ಈಗ ಪೇಂಟಿನ ತಿರುಪನ್ನು ಎರಡು ಸುತ್ತು ಬಿಚ್ಚಿ, ಗೋಡೆಗೆ ಅಂಟಿಸಿದ ಹಳೆಯ ನ್ಯೂಸ್‌ಪೇಪರಿನಿಂದ ಒಂದು ಗೇಣಿನಷ್ಟು, ಅಂದರೆ 15ರಿಂದ 20 ಸೆಂ.ಮೀ. ದೂರದಲ್ಲಿ ಗನ್ನನ್ನು ನೆಟ್ಟಗೆ ಹಿಡಿದು ಒಂದು ಕ್ಷಣ ಟ್ರಿಗರ್ ಒತ್ತಿ ಬಿಡಿ. ಕಾಗದದ ಮೇಲೆ ಉದ್ದನೆಯ ಅಂಡಾಕಾರ ಮೂಡಬೇಕು. ಅದರ ನಡುವನ್ನು ನೋಡದೆ ಅಂಚನ್ನು ಹತ್ತಿರದಿಂದ ನೋಡಿ: ಅಲ್ಲಿ ಬಿದ್ದ ಹನಿಗಳು ಪುಡಿಯಂತೆ ಸಣ್ಣಗಿದ್ದರೆ ಗಾಳಿ ಸಾಕಾಗಿದೆ, ಸಾಸಿವೆ ಕಾಳಿನಷ್ಟು ದಪ್ಪ ಚುಕ್ಕೆಗಳಿದ್ದರೆ ಸಾಲದು. ಆಗ ಒತ್ತಡವನ್ನು ಮೂರು ಮೂರು ಪೌಂಡಿನಂತೆ ಏರಿಸುತ್ತ, ಪ್ರತಿ ಸಲವೂ ಕಾಗದದ ಹೊಸ ಜಾಗದಲ್ಲಿ ಹೊಡೆದು ನೋಡಬೇಕು. ಹನಿ ಸಣ್ಣಗಾದ ಮೊದಲ ಅಂಕಿಯಲ್ಲೇ ನಿಲ್ಲಿಸಿ. ಇನ್ನಷ್ಟು ಏರಿಸಿದರೆ ಹನಿ ಹೆಚ್ಚೇನೂ ಸಣ್ಣಗಾಗುವುದಿಲ್ಲ, ಟ್ಯಾಂಕು ಮಾತ್ರ ಬೇಗ ಬರಿದಾಗುತ್ತದೆ, ಪೇಂಟು ಹೊಗೆಯಾಗಿ ಹಾರಿಹೋಗುತ್ತದೆ.

ಗಾಳಿಯನ್ನು ಎಷ್ಟು ಏರಿಸಿದರೂ ಅಂಚಿನ ಹನಿ ದಪ್ಪಗೇ ಉಳಿದರೆ, ಗನ್ನಿನ ಬೇಡಿಕೆ ಕಂಪ್ರೆಸರಿನ ಶಕ್ತಿಯನ್ನು ಮೀರಿದೆ ಎಂದು ಅರ್ಥ. ಅಂಥ ಗನ್ನನ್ನು ಎಸೆಯಬೇಕಾಗಿಲ್ಲ. ಪೇಂಟಿನ ತಿರುಪನ್ನು ಅರ್ಧ ಸುತ್ತು ಒಳಗೆ ಹಾಕಿ, ಫ್ಯಾನನ್ನು ಹತ್ತು ಹನ್ನೆರಡು ಸೆಂ.ಮೀ.ಗೆ ಕಿರಿದಾಗಿಸಿ, ಪೇಂಟನ್ನು ತುಸು ತೆಳು ಮಾಡಿದರೆ ಇರುವ ಗಾಳಿಯಲ್ಲೇ ಪೇಂಟು ಒಡೆಯುತ್ತದೆ. ಕೈ ಓಡಿಸುವ ವೇಗವನ್ನು ಅದಕ್ಕೆ ತಕ್ಕಂತೆ ಇಳಿಸಬೇಕಷ್ಟೆ. ಪೂರ್ಣ ಗಾತ್ರದ ಗನ್ ಕೊಂಡುಬಿಟ್ಟು ಈಗ ಪೇಚಾಡುತ್ತಿರುವವರಿಗೆ ಇದಕ್ಕಿಂತ ಅಗ್ಗದ ಉಪಾಯ ಬೇರಿಲ್ಲ.

ಪೇಂಟು ಎಲ್ಲೆಡೆ ಸಮನಾಗಿ ಬೀಳುತ್ತಿದೆಯೇ ಎಂದು ನೋಡಲು ಇನ್ನೊಂದು ಪರೀಕ್ಷೆಯಿದೆ. ಏರ್ ಕ್ಯಾಪಿನ ಎರಡು ಕೊಂಬುಗಳು ಮೇಲೊಂದು ಕೆಳಗೊಂದು ಬರುವಂತೆ ತಿರುಗಿಸಿದರೆ ಫ್ಯಾನ್ ಅಡ್ಡಲಾಗಿ ಬೀಳುತ್ತದೆ. ಪೇಂಟು ಇಳಿಯಲು ಶುರುವಾಗುವವರೆಗೂ ಟ್ರಿಗರ್ ಹಿಡಿದು ನಿಲ್ಲಿ. ಇಳಿಯುವ ಗೆರೆಗಳ ಉದ್ದ ಸುಮಾರಾಗಿ ಸಮನಾಗಿದ್ದರೆ ಹೊಂದಾಣಿಕೆ ಸರಿ. ನಡುವಿನವು ಉದ್ದವಾಗಿದ್ದರೆ ಗಾಳಿ ಕಡಿಮೆ ಅಥವಾ ಪೇಂಟು ಗಟ್ಟಿ. ಎರಡು ತುದಿಯವು ಉದ್ದವಾಗಿ ನಡುವೆ ಬರಿದಾಗಿದ್ದರೆ ಪೇಂಟಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ. ಒತ್ತಡ ಇಳಿಸಿ, ಅಥವಾ ಫ್ಯಾನನ್ನು ಸ್ವಲ್ಪ ಮುಚ್ಚಿ.

ಆಕಾರ ಬಾಳೆಹಣ್ಣಿನಂತೆ ಒಂದು ಕಡೆಗೆ ಬಾಗಿದ್ದರೆ ಅಥವಾ ಒಂದೇ ತುದಿ ದಪ್ಪಗಿದ್ದರೆ ಯಾವ ತಿರುಪನ್ನೂ ಮುಟ್ಟಬೇಡಿ. ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ದೋಷವೂ ತಿರುಗಿ ಎದುರು ಬದಿಗೆ ಬಂದರೆ ಕ್ಯಾಪಿನ ತೂತು ಕಟ್ಟಿದೆ. ದೋಷ ಇದ್ದಲ್ಲೇ ಉಳಿದರೆ ನಾಜಲಿನ ತುದಿಯಲ್ಲಿ ಪೇಂಟು ಒಣಗಿ ಕೂತಿದೆ ಅಥವಾ ತುದಿಗೆ ಪೆಟ್ಟಾಗಿದೆ. ಗನ್ ಬಿಟ್ಟು ಬಿಟ್ಟು ಉಗುಳುತ್ತಿದ್ದರೆ ಕಪ್ಪಿನ ಮುಚ್ಚಳದ ಗಾಳಿ ತೂತನ್ನು ಮೊದಲು ನೋಡಿ; ಅದು ಸರಿಯಿದ್ದರೆ ನಾಜಲ್ ಸಡಿಲವಾಗಿರಬಹುದು, ಇಲ್ಲವೇ ಸೂಜಿಯ ಪ್ಯಾಕಿಂಗ್ ಒಣಗಿ ಅಲ್ಲಿಂದ ಗಾಳಿ ಒಳನುಗ್ಗುತ್ತಿರಬಹುದು.

ಹೊಡೆಯುವಾಗ

ಕೈ ವಸ್ತುವಿನ ಮೈಗೆ ಸಮಾನಾಂತರವಾಗಿ ಸಾಗಬೇಕು, ಮಣಿಕಟ್ಟನ್ನು ಬೀಸಿದರೆ ತುದಿಗಳಲ್ಲಿ ಪೇಂಟು ತೆಳುವಾಗುತ್ತದೆ. ಕೈ ಚಲಿಸಲು ಶುರುವಾದ ಮೇಲೆ, ವಸ್ತುವಿನ ಅಂಚಿನ ಹೊರಗೇ ಟ್ರಿಗರ್ ಒತ್ತಿ, ಆಚೆ ಅಂಚು ದಾಟಿದ ಮೇಲೆ ಬಿಡಿ. ಪ್ರತಿ ಗೆರೆ ಹಿಂದಿನದರ ಅರ್ಧವನ್ನು ಮುಚ್ಚುವಂತಿರಲಿ. ಗೆರೆಯ ಕೊನೆಗೆ ಟ್ರಿಗರನ್ನು ಪೂರ್ತಿ ಬಿಡುವುದರಿಂದ ಚಿಕ್ಕ ಕಂಪ್ರೆಸರಿಗೆ ಉಸಿರಾಡಲು ಅವಕಾಶವೂ ಸಿಗುತ್ತದೆ. ಟ್ಯಾಂಕಿನ ಒತ್ತಡ 45 ಪೌಂಡಿಗೆ ಬಂದಾಗ, ಕೆಲಸದ ನಡುವಾದರೂ ಸರಿ, ಒಂದು ತುಂಡಿನ ಅಂಚಿಗೆ ತಲುಪಿ ನಿಲ್ಲಬೇಕು. ಒತ್ತಡ ಕುಸಿಯುತ್ತಿರುವಾಗ ಹೊಡೆದ ಕೊನೆಯ ಎರಡು ಗೆರೆಗಳೇ ಒಣಗಿದ ಮೇಲೆ ಒರಟಾಗಿ ಕಾಣುತ್ತವೆ. ಆಯಿಲ್ ಇಲ್ಲದ ಮಾದರಿಯ ಕಂಪ್ರೆಸರುಗಳನ್ನು ಎಡೆಬಿಡದೆ ಓಡಿಸಲೂ ಬಾರದು. ಎಷ್ಟು ಹೊತ್ತು ಓಡಿತೋ ಅಷ್ಟು ಹೊತ್ತು ತಣಿಯಲು ಬಿಟ್ಟರೆ ಬಾಳಿಕೆ ಬರುತ್ತದೆ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹನಿ ಮೈಗೆ ತಲುಪುವ ಮೊದಲೇ ಅರ್ಧ ಒಣಗಿ ಪುಡಿಯಂತೆ ಕೂರುತ್ತದೆ. ಬೆಳಿಗ್ಗೆ ಬೇಗ ಕೆಲಸ ಮುಗಿಸುವುದು ಅಥವಾ ನಿಧಾನವಾಗಿ ಆರುವ ಥಿನ್ನರ್ ಬಳಸುವುದು ಅದಕ್ಕಿರುವ ದಾರಿ. ಕರಾವಳಿಯ ಮಳೆಗಾಲದಲ್ಲಿ ತೊಂದರೆ ಬೇರೆ ಬಗೆಯದು: ಎನ್‌ಸಿ ಥಿನ್ನರ್ ಬೇಗ ಆರುವಾಗ ಮೈ ತಣಿದು, ಗಾಳಿಯ ತೇವ ಅದರ ಮೇಲೆ ಕೂತು ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ. ಆರುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಬೆರೆಸಿದರೆ ಸ್ವಲ್ಪ ಮಟ್ಟಿಗೆ ತಡೆಯಬಹುದು, ಜಡಿಮಳೆಯ ದಿನ ಕೆಲಸವನ್ನೇ ಮುಂದೂಡುವುದು ಜಾಣತನ.

ಪಿಯು ಮತ್ತು ಕಾರಿನ 2ಕೆ (ಹಾರ್ಡನರ್ ಬೆರೆಸಿ ಬಳಸುವ ಎರಡು ಭಾಗದ) ಪೇಂಟುಗಳ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದರೆ ಆಸ್ತಮಾ ಬರಬಹುದು, ಒಮ್ಮೆ ದೇಹ ಅದಕ್ಕೆ ಒಗ್ಗದೆ ಹೋದರೆ ಮುಂದೆ ಅಲ್ಪ ಪ್ರಮಾಣವನ್ನೂ ಅದು ತಾಳಲಾರದು. ಕರವಸ್ತ್ರ, ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಯಾವುದೂ ಇದನ್ನು ತಡೆಯುವುದಿಲ್ಲ. ಎನಾಮಲ್ ಮತ್ತು ಎನ್‌ಸಿಗೆ ಆವಿ ಹೀರುವ ಕಾರ್ಟ್ರಿಡ್ಜ್ ಮಾಸ್ಕ್ ಕನಿಷ್ಠ ಅಗತ್ಯ. 2ಕೆ ಪೇಂಟನ್ನು ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇಲ್ಲದವರು ಮನೆಯಲ್ಲಿ ಹೊಡೆಯದಿರುವುದೇ ಸರಿ. ಕಂಪ್ರೆಸರಿನ ಸ್ವಿಚ್ಚು ಆನ್ ಆಗುವಾಗ ಕಿಡಿ ಹಾರುವುದರಿಂದ ಯಂತ್ರವನ್ನು ಪೇಂಟಿನ ಆವಿ ತಲುಪದಷ್ಟು ದೂರದಲ್ಲಿ, ಗಾಳಿ ಬೀಸಿ ಬರುವ ಕಡೆಯಲ್ಲಿ ಇಡಬೇಕು. ಒಲೆ, ದೀಪ, ಬೀಡಿ ಹತ್ತಿರ ಸುಳಿಯಬಾರದು.

ಕೆಲಸ ಮುಗಿದ ಕೂಡಲೇ, ಚಹಾಕ್ಕೆ ಹೋಗುವ ಮೊದಲೇ, ಉಳಿದ ಪೇಂಟನ್ನು ಸುರಿದು, ಕಪ್ಪಿಗೆ ಸ್ವಲ್ಪ ಥಿನ್ನರ್ ಹಾಕಿ, ಕುಲುಕಿ, ತಿಳಿಯಾಗಿ ಬರುವವರೆಗೆ ಹೊಡೆಯಬೇಕು. ಗಾಳಿಯ ಸಂಪರ್ಕ ತೆಗೆದ ಮೇಲೆ ಸೂಜಿ, ನಾಜಲ್, ಏರ್ ಕ್ಯಾಪುಗಳನ್ನು ಬಿಚ್ಚಿ ಬ್ರಶ್ಶಿನಿಂದ ತೊಳೆಯಿರಿ. ತೂತು ಕಟ್ಟಿದ್ದರೆ ಊದುಬತ್ತಿಯ ಕಡ್ಡಿಯನ್ನು ಚೂಪು ಮಾಡಿ ಬಿಡಿಸಿ. ತಂತಿ, ಪಿನ್ನು ಹಾಕಿದರೆ ತೂತು ಹಿಗ್ಗಿ ಫ್ಯಾನ್ ಶಾಶ್ವತವಾಗಿ ಕೆಡುತ್ತದೆ. ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಡುವ ಅಭ್ಯಾಸ ಬೇಡ, ಒಳಗಿನ ಪ್ಯಾಕಿಂಗು ಉಬ್ಬಿ ಹಾಳಾಗುತ್ತದೆ. ಸೂಜಿಯ ಪ್ಯಾಕಿಂಗಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸಾಕು. ಸಿಲಿಕೋನ್ ಸ್ಪ್ರೇಯನ್ನು ಮಾತ್ರ ಆ ಕೋಣೆಗೇ ತರಬೇಡಿ, ಅದರ ಲವಲೇಶ ಸೋಕಿದರೂ ಮುಂದಿನ ಕೋಟಿನಲ್ಲಿ ಪೇಂಟು ಅಲ್ಲಲ್ಲಿ ಗುಂಡಗೆ ಹಿಂದೆ ಸರಿದು ಮೀನಿನ ಕಣ್ಣಿನಂತಹ ಕುಳಿಗಳು ಏಳುತ್ತವೆ.